ಹಡಗಿನ ಊಟದ ಮೇಜಿಗೆ ಒಬ್ಬರೇ ಹೋಗುವಾಗ

ಪ್ರಶ್ನೆ: ಅಕ್ಕಾ, ನಾನು ಗಂಗಾವತಿಯವಳು. ಹೈಸ್ಕೂಲ್ ಟೀಚರಾಗಿ ನಿವೃತ್ತಳಾಗಿದ್ದೇನೆ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಸಿಕೊಂಡು ಬರುವ ಕ್ರೂಸ್ ಹಡಗಿಗೆ ಮಗಳು ಟಿಕೆಟ್ ಮಾಡಿಸಿಕೊಟ್ಟಿದ್ದಾಳೆ. ಅವಳಿಗೆ ರಜೆ ಸಿಗಲಿಲ್ಲ, ನಾನೊಬ್ಬಳೇ ಹೊರಟಿದ್ದೇನೆ. ವಿಮಾನ, ವೀಸಾ, ಸಮುದ್ರ ಯಾವುದಕ್ಕೂ ನನಗೆ ಹೆದರಿಕೆಯಿಲ್ಲ. ಹೆದರಿಕೆ ರಾತ್ರಿ ಊಟಕ್ಕೆ. ಹೋದ ವರ್ಷ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಒಬ್ಬಳೇ ಕೂತಿದ್ದೆ. ಸಪ್ಲೈಯರ್ ಬಂದು ನನ್ನೆದುರಿನ ತಟ್ಟೆ, ಲೋಟ, ಚಮಚ ಎಲ್ಲ ಎತ್ತಿಕೊಂಡು ಹೋದ. ಆಮೇಲೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಹಡಗಿನಲ್ಲಿ ಸಾವಿರಾರು ಜನರ ನಡುವೆ ದಿನಾ ಹೀಗಾದರೆ ಏನು ಮಾಡಲಿ? ರೂಮಿಗೇ ಊಟ ತರಿಸಿಕೊಂಡುಬಿಡಲೇ? ನಾನು ಶುದ್ಧ ಸಸ್ಯಾಹಾರಿ. ಚಾಕು, ಫೋರ್ಕಿನಲ್ಲಿ ತಿಂದು ಅಭ್ಯಾಸವಿಲ್ಲ.
— ಹೆಸರು ಬೇಡ, ಗಂಗಾವತಿ

ಉತ್ತರ: ಟೀಚರ್, ಮೊದಲು ಆ ತಟ್ಟೆಯ ವಿಷಯ. ಹೋಟೆಲಾಗಲಿ ಹಡಗಾಗಲಿ, ಇಬ್ಬರ ಮೇಜಿಗೆ ಇಬ್ಬರ ಸಾಮಾನು ಮೊದಲೇ ಜೋಡಿಸಿಟ್ಟಿರುತ್ತಾರೆ. ಒಬ್ಬರು ಬಂದು ಕೂತರೆ ಇನ್ನೊಂದನ್ನು ಎತ್ತಬೇಕೆಂದು ಕೆಲಸದವರಿಗೆ ಕಲಿಸಿಕೊಟ್ಟಿರುತ್ತಾರೆ. ಆ ಹುಡುಗನಿಗೆ ನಿಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. ಹಾಗೆಂದು ನಿಮ್ಮ ಸಂಕಟ ಸಣ್ಣದೆಂದು ನಾನು ಹೇಳುವುದಿಲ್ಲ. ಇಷ್ಟು ವರ್ಷ ಇಬ್ಬರಿಗೆ ಬಡಿಸಿದ ಕೈ ನಿಮ್ಮದು, ಎದುರಿನ ತಟ್ಟೆ ಹೋದದ್ದು ಕಣ್ಣಿಗೆ ಬೀಳದೆ ಇರುತ್ತದೆಯೇ? ಅದಕ್ಕೇ, ತಟ್ಟೆ ಎತ್ತುವ ಪ್ರಸಂಗವೇ ಬಾರದಂಥ ಮೇಜು ಹಿಡಿಯಿರಿ. ಹಡಗಿನಲ್ಲಿ ಅಂಥ ಮೇಜು ಇದೆ. ಕೇಳಿ ಪಡೆಯಬೇಕು, ಅಷ್ಟೇ.

ಹಡಗಿನ ದೊಡ್ಡ ಊಟದ ಹಾಲಿನಲ್ಲಿ ಆರು, ಎಂಟು, ಹತ್ತು ಜನ ಸುತ್ತ ಕೂರುವ ಮೇಜುಗಳಿರುತ್ತವೆ. ಗುರುತು ಪರಿಚಯ ಇಲ್ಲದವರನ್ನು ಒಂದೇ ಮೇಜಿಗೆ ಕೂರಿಸುವುದು ಹಡಗುಗಳ ಹಳೆಯ ರೂಢಿ. ನಮ್ಮ ಕಡೆಯ ಖಾನಾವಳಿಯಲ್ಲಿ ಇರುವುದೂ ಇದೇ ಪದ್ಧತಿ. ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಬಳ್ಳಾರಿ ಬಿಟ್ಟು ಲಿಂಗಸುಗೂರಿಗೆ ಹೋಗಿದ್ದೆ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಖಾನಾವಳಿಯೇ ಗತಿ. ಹೆಣ್ಣುಮಗಳು ಒಬ್ಬಳೇ ಬಂದಳೆಂದು ಮಾಲೀಕರು ಕಾಳಜಿಯಿಂದಲೇ “ಒಳಗ ಕುಂದ್ರಿ ಅಕ್ಕಾರ” ಎಂದು ಅಡಿಗೆ ಮನೆಯ ಪಕ್ಕದ ಜೋಳದ ಚೀಲಗಳ ನಡುವೆ ನನಗೊಂದು ಸ್ಟೂಲ್ ಹಾಕಿಕೊಡುತ್ತಿದ್ದರು. ಬಿಸಿ ರೊಟ್ಟಿ ಎಲ್ಲರಿಗಿಂತ ಮೊದಲು ನನಗೇ ಬರುತ್ತಿತ್ತು, ಆದರೆ ಹೊರಗಿನ ಮಾತೆಲ್ಲ ಗೋಡೆಯಾಚೆ. ಒಂದು ದಿನ ನಾನೇ ಹೊರಗೆ ಬಂದು ಬೆಂಚಿನ ತುದಿಗೆ ಕೂತೆ. ಎದುರಿಗೆ ಹತ್ತಿ ವ್ಯಾಪಾರದವರೊಬ್ಬರು, ಪಕ್ಕದಲ್ಲಿ ಬೇರೆ ಊರಿನ ಮಾಸ್ತರರು. ಯಾರೂ ಏನೂ ಕೇಳಲಿಲ್ಲ. ಮಾಸ್ತರರು ಪುಂಡಿ ಪಲ್ಯದ ಬಟ್ಟಲು ಈ ಕಡೆ ಸರಿಸಿದರು, ನಾನು ಶೇಂಗಾ ಹಿಂಡಿ ಆ ಕಡೆ ಸರಿಸಿದೆ. ಅಲ್ಲಿಂದಾಚೆ ಆ ಊರಿನಲ್ಲಿ ಇದ್ದಷ್ಟು ದಿನ ಬೆಂಚಿನ ಮೇಲೆಯೇ ಉಂಡೆ. ಕ್ಯಾಬಿನ್ನಿನಲ್ಲಿ ಕೂತು ಉಣ್ಣುತ್ತೇನೆ ಎನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಸುಸ್ತಾಗಿ ಬಂದ ಒಂದು ರಾತ್ರಿ ತರಿಸಿಕೊಳ್ಳಿ, ತಪ್ಪಿಲ್ಲ (ಎಷ್ಟೋ ಹಡಗುಗಳಲ್ಲಿ ಅದಕ್ಕೆ ಬೇರೆ ಶುಲ್ಕವಿದೆ, ಕೇಳಿಕೊಳ್ಳಿ). ದಿನಾ ಬೇಡ.

ಮಗಳಿಂದ ಇವತ್ತೇ ಒಂದು ಕೆಲಸ ಮಾಡಿಸಿ. ಟಿಕೆಟ್ಟಿನಲ್ಲಿ ರಾತ್ರಿ ಊಟದ ಬಗ್ಗೆ ಏನು ಬರೆದಿದೆ ನೋಡಲು ಹೇಳಿ. ಸಾಮಾನ್ಯವಾಗಿ ಎರಡು ಬಗೆ ಇರುತ್ತದೆ. ಒಂದರಲ್ಲಿ ಸಮಯವೂ ಮೇಜೂ ಗೊತ್ತುಮಾಡಿದ್ದು. ದಿನಾ ಅದೇ ಮೇಜು, ಅದೇ ಜನ, ಬಡಿಸುವವರೂ ಅವರೇ. ಇನ್ನೊಂದರಲ್ಲಿ ನಮಗೆ ಬೇಕಾದ ಹೊತ್ತಿಗೆ ಹೋಗಿ ಖಾಲಿ ಇದ್ದಲ್ಲಿ ಕೂರುವುದು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ರಾಯಲ್ ಕೆರಿಬಿಯನ್‌ನವರು ‘ಮೈ ಟೈಮ್’ ಅನ್ನುತ್ತಾರೆ. ಸ್ವಾತಂತ್ರ್ಯ ಹೆಚ್ಚೆಂದು ಬಹಳ ಮಂದಿ ಎರಡನೆಯದನ್ನೇ ಆರಿಸುತ್ತಾರೆ. ಒಬ್ಬರೇ ಹೋಗುವವರಿಗೆ ನನ್ನ ಸಲಹೆ ಮೊದಲನೆಯದೇ. ಎರಡನೆಯದರಲ್ಲಿ ಪ್ರತಿ ರಾತ್ರಿ ಬಾಗಿಲಲ್ಲಿ ನಿಂತು “ಎಷ್ಟು ಜನ?” ಎಂಬ ಪ್ರಶ್ನೆಗೆ “ಒಬ್ಬಳೇ” ಎಂದು ಉತ್ತರ ಹೇಳಬೇಕು. ನಿಮಗೆ ನೋವಾಗುವುದು ಅಲ್ಲೇ. ಗೊತ್ತುಮಾಡಿದ ಮೇಜಿನಲ್ಲಾದರೆ ಅದನ್ನು ಒಂದೇ ಸಲ ಹೇಳಿದರಾಯಿತು. ಎರಡನೆಯ ರಾತ್ರಿಗೆ ಬಡಿಸುವವರಿಗೆ ನಿಮ್ಮ ಹೆಸರು ಬರುತ್ತದೆ, ಬಿಸಿನೀರು ಬೇಕೋ ತಣ್ಣೀರು ಬೇಕೋ ಗೊತ್ತಿರುತ್ತದೆ. ಮೂರನೆಯ ರಾತ್ರಿ ನೀವು ಐದು ನಿಮಿಷ ತಡವಾದರೆ ಮೇಜಿನವರು ಬಾಗಿಲ ಕಡೆ ನೋಡುತ್ತಿರುತ್ತಾರೆ.

ಸಮಯದಲ್ಲಿ ಬೇಗದ್ದು, ತಡದ್ದು ಎಂದು ಎರಡು ಸರದಿ. ಬೇಗದ್ದು ಸಂಜೆ ಐದೂವರೆ, ಆರರ ಸುಮಾರಿಗೆ. ಅದು ನಮಗೆ ಚಹಾ, ಒಗ್ಗರಣೆ–ಮಿರ್ಚಿಯ ಹೊತ್ತು, ಊಟದ ಹೊತ್ತಲ್ಲ. ಎಂಟರ ಆಜುಬಾಜಿನ ಎರಡನೆಯ ಸರದಿಯೇ ನಮ್ಮ ಹೊಟ್ಟೆಗೆ ಹೊಂದುತ್ತದೆ.

ಹಡಗು ಹತ್ತಿದ ದಿನ ಮಧ್ಯಾಹ್ನ ಕೋಣೆಗೆ ಚೀಲ ಇಟ್ಟವರೇ ಊಟದ ಹಾಲಿನ ಕಡೆ ಹೋಗಿ. ಅಲ್ಲಿನ ಮುಖ್ಯಸ್ಥರು ಅಥವಾ ಹೆಡ್ ವೇಟರ್ ಸಿಗುತ್ತಾರೆ, ಮೇಜು ಬದಲಿಸುವ ಕೆಲಸವೆಲ್ಲ ಅವತ್ತೇ ಆಗುವುದು. ಒಬ್ಬಳೇ ಬಂದಿದ್ದೇನೆ, ಶೇರ್ಡ್ ಟೇಬಲ್ ಬೇಕು, ಒಂಟಿಯಾಗಿ ಬಂದವರು ಬೇರೆ ಯಾರಾದರೂ ಇದ್ದರೆ ಅವರ ಜೊತೆ ಕೂರಿಸಿ ಎಂದು ಕೇಳಿ. ಈಚೆಗೆ ಇಬ್ಬರ ಮೇಜು ಬೇಡುವವರು ಜಾಸ್ತಿಯಾದ್ದರಿಂದ ಕೇಳದೆ ಇದ್ದರೆ ನಿಮ್ಮನ್ನೂ ಅಲ್ಲೇ ಕೂರಿಸಿಬಿಡಬಹುದು. “ಒಂಟಿಯಾಗಿ ಬಂದವರ ಜೊತೆ” ಎನ್ನುವುದನ್ನು ಒತ್ತಿ ಹೇಳಿ. ಆರು ಜನರ ಒಂದೇ ಕುಟುಂಬದ ಮೇಜಿನಲ್ಲಿ ಏಳನೆಯವರಾಗಿ ಕೂರುವುದು ಒಬ್ಬರೇ ಕೂರುವುದಕ್ಕಿಂತ ಕಷ್ಟ. ಅವರ ಮನೆಯ ಮಾತು ಅವರಿಗೆ, ನಮಗೆ ಗೋಡೆ ನೋಡುವ ಕೆಲಸ.

ಇನ್ನೊಂದು ದಾರಿಯಿದೆ. ಹಡಗಿನಲ್ಲಿ ಆಯಾ ದಿನದ ಕಾರ್ಯಕ್ರಮಗಳ ಪಟ್ಟಿಯನ್ನು ಕೋಣೆಗೆ ಕೊಡುತ್ತಾರೆ, ಇಲ್ಲವೆ ಮೊಬೈಲ್ ಆ್ಯಪಿನಲ್ಲಿ ಹಾಕುತ್ತಾರೆ. ಅದರಲ್ಲಿ ಮೊದಲನೆಯ ಅಥವಾ ಎರಡನೆಯ ದಿನ ‘ಸೋಲೊ ಟ್ರಾವೆಲರ್ಸ್’ ಎಂಬ ಕೂಟವಿದ್ದರೆ ಬಿಡದೆ ಹೋಗಿ. ಅಲ್ಲಿ ಬರುವವರಲ್ಲಿ ಅರ್ಧದಷ್ಟು ಮಂದಿ ನಿಮ್ಮ ಹಾಗೇ ರಾತ್ರಿ ಊಟದ ಚಿಂತೆಯಲ್ಲಿ ಬಂದಿರುತ್ತಾರೆ ಎಂದು ನಾನು ಕಂಡಿದ್ದೇನೆ.

ಮೇಜಿನಲ್ಲಿ ಬರುವ ಪ್ರಶ್ನೆಗೂ ಸಿದ್ಧರಾಗಿರಿ. ಬೇರೆ ದೇಶದವರು ಕೇಳುವುದು ಎಲ್ಲಿಂದ ಬಂದಿರಿ, ನಾಳೆ ದಡದಲ್ಲಿ ಏನು ನೋಡುತ್ತೀರಿ, ಇಷ್ಟೇ. ನಮ್ಮ ದೇಶದವರು ಸಿಕ್ಕರೆ “ಒಬ್ಬರೇ ಬಂದೀರಾ? ಮನೆಯವರು?” ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಶಾಲೆಗಳ ರಜೆಯಲ್ಲಿ ಸಿಂಗಪುರದ ಹಡಗುಗಳಲ್ಲಿ ಭಾರತದ ಕುಟುಂಬಗಳು ತುಂಬಾ ಇರುತ್ತವೆ. ಅವರ ಮರುಕವೇ ನನಗೆ ಎಲ್ಲಕ್ಕಿಂತ ಭಾರವೆನಿಸಿದ್ದು. “ಅವರು ತೀರಿಕೊಂಡರು, ನಾನು ಊರು ನೋಡಲು ಬಂದೆ” ಎಂದು ಒಂದೇ ವಾಕ್ಯದಲ್ಲಿ ಮುಗಿಸಿ, ತಕ್ಷಣ ಅವರನ್ನೇ ಏನಾದರೂ ಕೇಳಿ. ನಾಲ್ಕು ದಶಕ ಮಕ್ಕಳನ್ನು ಮಾತಾಡಿಸಿದವರಿಗೆ ನಾನು ಇದನ್ನು ಕಲಿಸಬೇಕಿಲ್ಲ. ಯಾರೂ ಕೇಳದಿದ್ದರೂ ಯಜಮಾನರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದರೆ ಹೇಳಿ. ಮನೆಯಲ್ಲಿ ಮಕ್ಕಳ ಮುಂದೆ ತಡೆದುಕೊಂಡ ಮಾತು ಗುರುತಿಲ್ಲದವರ ಮುಂದೆ ಸಲೀಸಾಗಿ ಬರುತ್ತದೆ.

ಸಸ್ಯಾಹಾರದ ಬಗ್ಗೆ. ಇಂಡಿಯನ್ ವೆಜಿಟೇರಿಯನ್ ಬೇಕೆಂದು ಬುಕಿಂಗಿನಲ್ಲೇ ಬರೆಸಿ, ಹಡಗಿಗೆ ಹೋದಮೇಲೆ ಮೇಜಿನಲ್ಲೂ ಹೇಳಿ. ಬಹಳ ಕಡೆ ಹೆಡ್ ವೇಟರ್ ಹಿಂದಿನ ರಾತ್ರಿಯೇ ಮರುದಿನದ ಪಟ್ಟಿ ತಂದು ತೋರಿಸಿ ನಿಮಗೆ ಏನು ಮಾಡಿಕೊಡಲಿ ಎಂದು ಕೇಳುತ್ತಾರೆ. ಗೊತ್ತುಮಾಡಿದ ಮೇಜಿನಿಂದ ಸಿಗುವ ಇನ್ನೊಂದು ಲಾಭ ಇದು. ಬಫೆಯಲ್ಲಿ ಎಚ್ಚರ ಬೇಕು. ತರಕಾರಿಯದೇ ಎಂದು ಕಾಣುವ ಅಡಿಗೆಗೆ ಆ ಕಡೆ ಮೀನಿನ ಸಾಸ್, ಆಯಿಸ್ಟರ್ ಎಂಬ ಚಿಪ್ಪುಮೀನಿನ ಸಾಸ್ ಹಾಕಿರುವುದುಂಟು. ಅಲುಗಾಡುವ ಜೆಲ್ಲಿ, ನೊರೆಯಂಥ ಸಿಹಿತಿನಿಸಾದ ಮೂಸ್‌ಗಳಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಕೇಳದೆ ಬಡಿಸಿಕೊಳ್ಳಬೇಡಿ. ನಿಮ್ಮ ಗಂಗಾವತಿಯ ಸೋನಾ ಮಸೂರಿ ಉಂಡ ಬಾಯಿಗೆ ಅಲ್ಲಿನ ಜಾಸ್ಮಿನ್ ಅಕ್ಕಿಯ ಅನ್ನ ಅಂಟಂಟು ಎನಿಸುತ್ತದೆ. ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ಚಾಕು, ಫೋರ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ. ತಟ್ಟೆಯ ಎರಡೂ ಕಡೆ ಸಾಲಾಗಿಟ್ಟವುಗಳಲ್ಲಿ ಹೊರಗಿನವು ಮೊದಲ ತಿನಿಸಿಗೆ, ಒಳಗಿನವು ಆಮೇಲಿನದಕ್ಕೆ. ಮುಗಿದ ಮೇಲೆ ಎರಡನ್ನೂ ಜೋಡಿಸಿ ತಟ್ಟೆಯ ಮೇಲಿಟ್ಟರೆ ತಟ್ಟೆ ತೆಗೆಯಬಹುದೆಂದು ಅವರಿಗೆ ತಿಳಿಯುತ್ತದೆ. ರೊಟ್ಟಿ, ನಾನ್ ಬಂದರೆ ಕೈಯಲ್ಲೇ ಮುರಿದು ತಿನ್ನಿ. ಬಡಿಸುವವರಲ್ಲಿ ಫಿಲಿಪೈನ್ಸ್, ಇಂಡೊನೇಷ್ಯಾ, ಭಾರತದವರೇ ಹೆಚ್ಚು, ಕೈಯಲ್ಲಿ ಉಣ್ಣುವುದು ಅವರಿಗೂ ಹೊಸದಲ್ಲ. ಪಟ್ಟಿಯಲ್ಲಿ ಮೊದಲ ತಿನಿಸು, ಮುಖ್ಯ ಊಟ, ಸಿಹಿ ಎಂದು ಮೂರು ಭಾಗ ಇರುತ್ತವೆ. ಮುಖ್ಯ ಊಟದಲ್ಲಿ ಹಿಡಿಸುವಂಥದ್ದು ಇಲ್ಲದಿದ್ದರೆ ಮೊದಲ ತಿನಿಸಿನಲ್ಲೇ ಎರಡು ತರಿಸಿಕೊಳ್ಳಿ, ಅದಕ್ಕೆ ಹೆಚ್ಚು ದುಡ್ಡಿಲ್ಲ. ಪಕ್ಕದಲ್ಲಿ ಬೆಲೆ ಬರೆದಿದ್ದಕ್ಕೆ ಮಾತ್ರ ಬೇರೆ ಬಿಲ್ಲು. ಸೀರೆ ಯಾವ ರಾತ್ರಿಗೂ ಸಲ್ಲುತ್ತದೆ, ಅವರು ‘ಫಾರ್ಮಲ್ ನೈಟ್’ ಎನ್ನುವ ದಿನಕ್ಕೂ. ಇಳಕಲ್ ಸೀರೆಯೊಂದನ್ನು ಅದಕ್ಕೇ ಇಟ್ಟುಕೊಳ್ಳಿ. ಎಸಿ ಚಳಿಗೆ ಶಾಲೂ ಇರಲಿ.

ಬೆಳಗಿನ ತಿಂಡಿಗೆ ಮಾತ್ರ ಬಫೆಗೆ ಒಬ್ಬರೇ ಹೋಗಿ, ಸಮುದ್ರದ ಕಡೆಯ ಕಿಟಕಿ ಹಿಡಿದು ಕೂತುಬಿಡಿ. ಆ ಹೊತ್ತಿನಲ್ಲಿ ಮಾತು ಬೇಡ ಎನಿಸುವುದು ನನ್ನ ಅಭಿಪ್ರಾಯ, ನಿಮಗೆ ಬೇರೆ ಅನಿಸಬಹುದು. ಒಬ್ಬರೇ ಇದ್ದಾಗ ಅಲ್ಲಿ ಒಂದು ತೊಂದರೆಯಿದೆ. ಎರಡನೆಯ ಸಲ ಬಡಿಸಿಕೊಳ್ಳಲು ಎದ್ದರೆ, ಎದ್ದುಹೋದರೆಂದು ತಿಳಿದು ಅರ್ಧ ಕುಡಿದ ಚಹಾ ಸಮೇತ ಮೇಜು ಒರೆಸಿಬಿಡುತ್ತಾರೆ, ಇನ್ನೊಬ್ಬರು ಬಂದು ಕೂರುತ್ತಾರೆ. ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿ, ಪಕ್ಕದ ಮೇಜಿನವರಿಗೆ “ಬರ್ತೀನಿ” ಎಂದು ಸನ್ನೆ ಮಾಡಿ ಹೋಗಿ. ಹಡಗಿನ ಕಾರ್ಡನ್ನು ಮಾತ್ರ ಗುರುತಿಗೆಂದು ಮೇಜಿನ ಮೇಲಿಡಬೇಡಿ. ಕೋಣೆಯ ಬೀಗವೂ ಅದೇ, ನಿಮ್ಮ ಪರ್ಸೂ ಅದೇ. ಬಡಿಸುವವರಿಗೆ ಟಿಪ್ಸ್ ಎಂದು ರಾತ್ರಿ ರಾತ್ರಿ ನೋಟು ಎಣಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ದಿನಕ್ಕಿಷ್ಟೆಂದು ಅದು ನಿಮ್ಮ ಲೆಕ್ಕಕ್ಕೆ ಸೇರಿರುತ್ತದೆ.

ಹೋಗಿ ಬಂದಮೇಲೆ ಯಾರ ಜೊತೆ ಕೂತಿರಿ ಎಂದು ನನಗೆ ಬರೆಯಿರಿ. ನಿಜವಾಗಿ ಕಾಯುತ್ತೇನೆ.

ಪ್ರಶ್ನೆ: ನಾನೂ ಒಬ್ಬನೇ ಹಡಗು ಪ್ರವಾಸ ಹೊರಟಿದ್ದೇನೆ. ಮನೆಯವರು ಖಡಕ್ ರೊಟ್ಟಿ, ಹಿಂಡಿ, ಒಂದು ಡಬ್ಬಿ ಬುತ್ತಿ ಕಟ್ಟುತ್ತೇನೆ ಅನ್ನುತ್ತಿದ್ದಾರೆ. ಬಿಡುತ್ತಾರಾ?
— ಮಾನ್ವಿಯ ಓದುಗ

ಉತ್ತರ: ಮನೆಯಲ್ಲಿ ಮಾಡಿದ ಅಡಿಗೆಯನ್ನು ಬಹುತೇಕ ಹಡಗುಗಳಲ್ಲಿ ಒಳಗೆ ಬಿಡುವುದಿಲ್ಲ. ಕೆಟ್ಟು ಒಬ್ಬರಿಗೆ ವಾಂತಿ–ಭೇದಿ ಶುರುವಾದರೆ ಹಡಗಿನಂಥ ಮುಚ್ಚಿದ ಜಾಗದಲ್ಲಿ ಬೇಗ ಹಬ್ಬುತ್ತದೆ ಎಂಬ ಭಯ ಅವರಿಗೆ. ಬುತ್ತಿಯನ್ನು ರೈಲಿಗೇ ಮುಗಿಸಿ. ಅಂಗಡಿಯಲ್ಲಿ ಸೀಲ್ ಮಾಡಿ ಮಾರುವ ಖಡಕ್ ರೊಟ್ಟಿ, ಹಿಂಡಿ ಪ್ಯಾಕೆಟ್ಟುಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೂ ನಿಮ್ಮ ಹಡಗಿನ ನಿಯಮ ಓದಿಕೊಳ್ಳಿ. ಹಿಂಡಿಯ ಪ್ಯಾಕೆಟ್ಟನ್ನು ರಾತ್ರಿ ಮೇಜಿಗೆ ತನ್ನಿ, ಪಕ್ಕದವರಿಗೂ ಒಂದು ಚಮಚ ಕೊಡಿ, ಮಾತು ಅಲ್ಲಿಂದಲೇ ಶುರುವಾಗುತ್ತದೆ. ಸಿಂಗಪುರದಿಂದ ಹತ್ತುವುದಾದರೆ ಗಸಗಸೆ ಇರುವ ಯಾವ ಪದಾರ್ಥವನ್ನೂ ಒಯ್ಯಬೇಡಿ, ಉಂಡೆಯಲ್ಲೂ ಬೇಡ, ಮಸಾಲೆಯಲ್ಲೂ ಬೇಡ. ಆ ದೇಶದಲ್ಲಿ ಗಸಗಸೆ ನಿಷಿದ್ಧ, ಮಾದಕ ವಸ್ತುಗಳ ಕಾನೂನಿನ ಅಡಿ ಬರುತ್ತದೆ. ಮನೆಯವರಿಗೆ ಇದನ್ನು ಈಗಲೇ ಹೇಳಿ.

ಪ್ರಶ್ನೆ: ತಾಯಿಗೆ 68 ವರ್ಷ, ಗಟ್ಟಿಯಾಗಿದ್ದಾರೆ, ಒಬ್ಬರೇ ಹಡಗಿನಲ್ಲಿ ಹೋಗಬೇಕೆಂಬ ಆಸೆ. ಒಬ್ಬರಿಗೂ ಇಬ್ಬರ ದುಡ್ಡು ಬೀಳುತ್ತದೆ ಎನ್ನುತ್ತಾರೆ ಏಜೆಂಟರು. ಗುರುತಿಲ್ಲದ ಇನ್ನೊಬ್ಬ ಮಹಿಳೆಯ ಜೊತೆ ಕೋಣೆ ಹಂಚಿಕೊಂಡರೆ ಉಳಿಯುತ್ತದಂತೆ. ಮಾಡಿಸಲೇ?
— ಬಳ್ಳಾರಿಯಿಂದ ಮಗ

ಉತ್ತರ: ಬೇಡಪ್ಪಾ. ಊಟದ ಮೇಜನ್ನು ಗುರುತಿಲ್ಲದವರ ಜೊತೆ ಹಂಚಿಕೊಳ್ಳಬಹುದು, ಮಲಗುವ ಕೋಣೆಯನ್ನಲ್ಲ. ತಾಯಿ ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವಾಗ ದೀಪ ಹಾಕುತ್ತಾರೆ ಎನ್ನುವುದು ಅವರಿಗೆ ಬಿಟ್ಟದ್ದು. ಏಜೆಂಟರು ಹೇಳಿದ ಲೆಕ್ಕವೇನೋ ಸುಳ್ಳಲ್ಲ. ಹಡಗಿನ ದರ ಒಂದು ಕೋಣೆಗೆ ಇಬ್ಬರು ಎಂದೇ ಕಟ್ಟಿದ್ದು, ಒಬ್ಬರೇ ಹೋದರೆ ಎರಡನೆಯವರ ದರವೂ ಹೆಚ್ಚುಕಮ್ಮಿ ಮೇಲೆ ಬೀಳುತ್ತದೆ. ಒಬ್ಬರಿಗೆಂದೇ ಕಟ್ಟಿದ ಕೋಣೆಗಳೂ ಇವೆ. 2010ರಲ್ಲಿ ಬಂದ ‘ನಾರ್ವೇಜಿಯನ್ ಎಪಿಕ್’ ಹಡಗಿನಲ್ಲಿ ಅಂಥ 128 ಸಣ್ಣ ಕೋಣೆಗಳನ್ನು ಮಾಡಿ, ಆ ಕೋಣೆಗಳವರು ಸೇರಿ ಕೂರಲು ಒಂದು ಹಜಾರವನ್ನೂ ಕೊಟ್ಟರು. ಅವುಗಳಿಗೆ ಸಮುದ್ರದ ಕಿಟಕಿಯಿಲ್ಲ, ತಾಯಿಗೆ ಸಮುದ್ರ ಕಾಣಬೇಕೆಂದಿದ್ದರೆ ಅದೂ ಆಗದು. ಆಮೇಲೆ ಬೇರೆ ಕಂಪನಿಗಳೂ ಇಂಥವನ್ನು ಮಾಡಿವೆ, ಏಜೆಂಟರಿಗೆ ‘ಸೋಲೊ ಕ್ಯಾಬಿನ್’ ಎಂದೇ ಕೇಳಿ. ಅದು ಸಿಗದೆ ಎರಡರಷ್ಟು ಕೊಡುವುದೇ ಆದರೆ ಬಿಲ್ಲನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಕೋಣೆಯ ದರ ಇಬ್ಬರದ್ದಿರಲಿ, ಬಂದರು ಶುಲ್ಕ ಮತ್ತು ಟಿಪ್ಸ್ ಒಬ್ಬರದ್ದೇ ಇರಬೇಕು.