ಆಳಂದದಿಂದ ಅಮೆರಿಕಕ್ಕೆ, ಓದಲು ಮಾನವಶಾಸ್ತ್ರ

ತಂಗಿ, ಕಲಬುರಗಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿದವಳು ಅಮೆರಿಕದಲ್ಲಿ ಮಾನವಶಾಸ್ತ್ರದ ಪಿಎಚ್.ಡಿ. ಮಾಡಬಹುದೇ, ರೊಕ್ಕ ಎಲ್ಲಿಂದ ಬರುತ್ತದೆ, ನಮ್ಮ ಕಡೆಯ ಊಟವನ್ನೇ ವಿಷಯವಾಗಿ ಹಿಡಿದರೆ ನಡೆಯುತ್ತದೆಯೇ ಅಂತ ಕೇಳಿದ್ದೀ. ಮಾಡಬಹುದು. ಬೇರೆ ಶಾಸ್ತ್ರದಿಂದ ಬಂದವರನ್ನೂ ತೆಗೆದುಕೊಳ್ಳುತ್ತಾರೆ.

ಸಾಲ ಮಾಡಿ ಮಾಸ್ಟರ್ಸ್‌ಗೆ ಮಾತ್ರ ಬರಬೇಡ, ಈ ಶಾಸ್ತ್ರದ ಸಂಬಳದಲ್ಲಿ ಆ ಸಾಲ ತೀರುವುದು ಕಷ್ಟ. ಶುಲ್ಕ ಮನ್ನಾ ಮಾಡಿ, ಪಾಠ ಸಹಾಯಕಿಯ ಕೆಲಸಕ್ಕೆ ಸ್ಟೈಪೆಂಡ್ ಕೊಟ್ಟು, ಅದನ್ನು ಐದು ವರ್ಷಕ್ಕೆ ಬರಹದಲ್ಲಿ ಒಪ್ಪುವ ವಿಭಾಗಗಳಿಗೆ ನೇರ ಪಿಎಚ್.ಡಿ.ಗೆ ಅರ್ಜಿ ಹಾಕು. ಸ್ಟೈಪೆಂಡ್ ಒಂಬತ್ತು ತಿಂಗಳದೋ ಹನ್ನೆರಡರದೋ, ಆರೋಗ್ಯ ವಿಮೆ ಸೇರಿದೆಯೋ ನೋಡಿಕೊಂಡು ಸಹಿ ಮಾಡು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಹೊರಗೆ ದುಡಿದು ಸರಿದೂಗಿಸುತ್ತೇನೆ ಎನ್ನುವ ಲೆಕ್ಕ ಬೇಡ. ಅರ್ಜಿಗಳು ಡಿಸೆಂಬರ್, ಜನವರಿಯಲ್ಲಿ ಮುಗಿಯುತ್ತವೆ. ಸಾಮಾನ್ಯವಾಗಿ ಏಪ್ರಿಲ್ 15ರೊಳಗೆ ನೀನು ಹೂಂ ಅಥವಾ ಉಹೂಂ ಅನ್ನಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ 2022ರ ನಿಯಮದಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ಸಂಶೋಧನೆಯನ್ನೇ ಹೊರಗಿಟ್ಟಿತು. ನೀನು ಅರ್ಜಿ ಹಾಕುವ ವರ್ಷದ ಮಾರ್ಗಸೂಚಿ ಓದದೆ ಅದನ್ನು ನೆಚ್ಚಬೇಡ.

ಇನ್ನು ವಿಷಯ. "ನಮ್ಮ ಸಂಸ್ಕೃತಿ ಶ್ರೀಮಂತ" ಅಂತ ಬರೆದ ಅರ್ಜಿ ಮೊದಲ ಸುತ್ತಿನಲ್ಲೇ ಬೀಳುತ್ತದೆ. ಪ್ರಶ್ನೆ ಬೇಕು. ಶರಣಬಸವೇಶ್ವರ ಗುಡಿಯ ದಾಸೋಹ, ಬಂದೇನವಾಜ್ ದರ್ಗಾದ ಉರುಸು, ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್ ಎಂಬ ಉಚಿತ ಊಟ: ಮೂರೂ ಕಡೆ ದವಸ ಯಾರದು, ಒಲೆಯ ಮುಂದೆ ಯಾರು, ಬಡಿಸುವವರು ಯಾರು, ಯಾರ ಪಕ್ಕ ಯಾರು ಕೂಡುತ್ತಾರೆ? ಇಲ್ಲವೇ ತೊಗರಿ ಹಿಡಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಈ ನೆಲದ್ದೇ ಎಂಬ ಜಿಐ ಗುರುತು, ಸಿಕ್ಕಿತು. ಬೆಳೆದವರ ಮನೆಯ ಗಡಿಗೆಯಲ್ಲಿ ಅದು ವರ್ಷದಲ್ಲಿ ಎಷ್ಟು ದಿನ ಬೇಯುತ್ತದೆ? ಕನ್ನಡ, ದಖನಿ ಉರ್ದು ಎರಡೂ ಬಲ್ಲೆ ಎನ್ನುವುದನ್ನು ಮೊದಲ ಪುಟದಲ್ಲೇ ಬರೆ. ಆ ಎರಡಕ್ಕಾಗಿ ಇಲ್ಲಿ ಅಮೆರಿಕದವರು ವರ್ಷಗಟ್ಟಲೆ ಕ್ಲಾಸಿಗೆ ಹೋಗುತ್ತಾರೆ.

ಹೆಚ್ಚಿನವರ ಕೆಲಸ ಕೆಡುವುದು ಕ್ಯಾಲೆಂಡರಿನಲ್ಲಿ. ಇಲ್ಲಿಯ ರಜೆ ಮೇ ಮಧ್ಯದಿಂದ ಆಗಸ್ಟ್. ಆಗ ಊರಿಗೆ ಹೋದವಳಿಗೆ ತೊಗರಿ ಬಿತ್ತುವುದಷ್ಟೇ ಕಾಣುತ್ತದೆ. ರಾಶಿ ಡಿಸೆಂಬರ್, ಜನವರಿಯಲ್ಲಿ. ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್, ಸುಗ್ಗಿ ಫೆಬ್ರುವರಿಯಿಂದ. ಎಳ್ಳಮವಾಸ್ಯೆಗೆ ಹೊಲದಲ್ಲಿ ಚೆಲ್ಲುವ ಚರಗ, ಸಜ್ಜೆ ರೊಟ್ಟಿ, ಕಾಳು ತರಕಾರಿಯ ಭಜ್ಜಿ ಯಾವುದೂ ಸಿಗುವುದಿಲ್ಲ. ಬೇಸಿಗೆಯಲ್ಲಿ ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋದವರ ಮನೆಗೆ ಬೀಗ. ಇಷ್ಟು ನೋಡಿ "ಇಲ್ಲಿ ಜನ ರೇಷನ್ ಅಕ್ಕಿ ಉಣ್ಣುತ್ತಾರೆ" ಅಂತ ಬರೆದರೆ ಅದು ಒಂದು ಋತುವಿನ ಸತ್ಯ. ಹನ್ನೆರಡು ತಿಂಗಳು ಊರಲ್ಲಿರಬೇಕು. ಅದಕ್ಕೆ ಮಾನವಶಾಸ್ತ್ರದ ಸಂಶೋಧನೆಗೆ ಹಣ ಕೊಡುವ ವೆನ್ನರ್-ಗ್ರೆನ್ ಪ್ರತಿಷ್ಠಾನದ ಕ್ಷೇತ್ರಕಾರ್ಯ ಅನುದಾನವಿದೆ, 25,000 ಡಾಲರ್‌ವರೆಗೆ, ಯಾವ ದೇಶದವರಿಗೂ. ಫುಲ್‌ಬ್ರೈಟ್-ಹೇಸ್ ಅನುದಾನ ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ, ನಿನಗಲ್ಲ. ಹೊರಡುವ ಮೊದಲು ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ನಿನ್ನ ನೋಂದಣಿ ಚಾಲ್ತಿಯಲ್ಲಿರುವಂತೆ ಮಾಡಿಸು. ಅದಿಲ್ಲದೆ ಐದು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಹೊಸ ಐ-20, ಅಂದರೆ ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಪತ್ರ, ಬೇಕಾಗುತ್ತದೆ.

ವಿಶ್ವವಿದ್ಯಾಲಯದ ನೈತಿಕ ಸಮಿತಿ ಪ್ರತಿ ಮನೆಯಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಕೇಳಬಹುದು. ಹೆಬ್ಬೆಟ್ಟು ಎಂದರೆ ನಮ್ಮಲ್ಲಿ ಹೊಲದ ಕಾಗದ, ಸಾಲದ ಕಾಗದ. ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಈ ಕಾರಣವನ್ನೇ ಸಮಿತಿಗೆ ಕೊಡುವ ಅರ್ಜಿಯಲ್ಲಿ ಬರೆದು ಬಾಯಿಮಾತಿನ ಒಪ್ಪಿಗೆಗೆ ಅನುಮತಿ ಕೇಳು. ಸಾಮಾನ್ಯವಾಗಿ ಕೊಡುತ್ತಾರೆ, ಆದರೆ ವಾರಗಳು ಹಿಡಿಯಬಹುದು. ಮನೆಗೆ ಹೋದಾಗ "ಏನು ಊಟ ಮಾಡ್ತೀರಿ" ಅಂತ ಕೇಳಿದರೆ ಹಬ್ಬದ ಅಡಿಗೆ ಹೇಳುತ್ತಾರೆ. "ನಿನ್ನೆ ಮುಂಜಾನಿಂದ ಏನೇನು" ಅಂತ ಕೇಳು. ಜೋಳ ಸ್ವಂತ ಹೊಲದ್ದೋ, ಸಂತೆಯದೋ, ಕೂಲಿಗೆ ಬದಲು ಬಂದದ್ದೋ ಅದೂ ಬರೆದುಕೋ. ಹಿಡಿ, ಸೇರು ಅಂದದ್ದನ್ನು ಹಾಗೇ ಬರೆದು ಪಕ್ಕದಲ್ಲಿ ತೂಗಿದ ಗ್ರಾಮೂ ಇರಲಿ.

ಪ್ರಾಧ್ಯಾಪಕ ಹುದ್ದೆ ಕಡಿಮೆ. ಸಾರ್ವಜನಿಕ ಆರೋಗ್ಯ, ಆಹಾರ ನೀತಿಯ ಸಂಸ್ಥೆಗಳು, ಕಂಪನಿಗಳ ಬಳಕೆದಾರ ಸಂಶೋಧನೆ ಕೂಡ ಈ ಓದಿಗೆ ದಾರಿಯೇ. ಎರಡನೇ ವರ್ಷದಲ್ಲೇ ಒಂದಿಷ್ಟು ಸಂಖ್ಯಾಶಾಸ್ತ್ರ ಕಲಿತುಕೋ.

ರೊಟ್ಟಿಯ ಚಿಂತೆ ಬಿಡು. ಇಂಡಿಯನ್ ಅಂಗಡಿಯ ಜೋಳದ ಹಿಟ್ಟು ಹಳೆಯದಾದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಕುದಿಯುವ ನೀರು ಹಾಕಿ ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇದ್ದಾಗಲೇ ಚೆನ್ನಾಗಿ ನಾದು. ಶೇಂಗಾ ಚಟ್ನಿ ತಂದರೆ ಕಸ್ಟಮ್ಸ್‌ನಲ್ಲಿ ಹೇಳಿಯೇ ಬಾ.

ಈ ವಾರವೇ ಪಾಸ್‌ಪೋರ್ಟ್ ತೆಗೆದು ನೋಡು. ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ವೀಸಾದಲ್ಲಿ ನಿನ್ನ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದು, ಬ್ಯಾಂಕಿನಲ್ಲೂ ಗುರುತಿನ ಚೀಟಿಯಲ್ಲೂ ಅದೇ ಕೂರುತ್ತದೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದ್ದರೆ ಅದನ್ನೂ ಅರ್ಜಿಗೆ ಮೊದಲೇ ಸರಿಮಾಡಿಸು.