ಸ್ವೀಡನ್ನಿನ ಹೋರ್ನ್‌ಬೋರ್ಯಾ ಸರೋವರದಲ್ಲಿ ವಲಸೆಯಿಂದ ಮರಳುವ ಕ್ರೌಂಚಗಳನ್ನು (ಕ್ರೇನ್ ಹಕ್ಕಿಗಳನ್ನು) ನೋಡಲು ಒಂದೇ ದಿನವಿದೆ. ಯಾವಾಗ, ಹೇಗೆ ಹೋಗಬೇಕು?

ಏಪ್ರಿಲ್ ಮೊದಲ ಎರಡು ವಾರದಲ್ಲಿ ಹೋಗಿ. ಸ್ಪೇನ್, ಜರ್ಮನಿ ಕಡೆ ಚಳಿಗಾಲ ಕಳೆದ ಕ್ರೌಂಚಗಳು ಉತ್ತರದ ಜೌಗುಗಳಿಗೆ ಗೂಡು ಕಟ್ಟಲು ಹೋಗುವಾಗ ಇಲ್ಲಿ ತಂಗುತ್ತವೆ. ಒಂದೇ ದಿನದ ಎಣಿಕೆ 20 ಸಾವಿರ ದಾಟಿದ್ದೂ ಇದೆ. ಬಾಲ್ಟಿಕ್ ಸಮುದ್ರ ದಾಟಲು ಅವು ದಕ್ಷಿಣದ ಗಾಳಿಗೆ ಕಾಯುತ್ತವೆ. ಹಾಗಾಗಿ ಕ್ಯಾಲೆಂಡರಿಗಿಂತ ಹವಾ ವರದಿ ನಂಬಿ: ಉತ್ತರದ ಗಾಳಿ ನಾಲ್ಕು ದಿನ ಬೀಸಿದರೆ ಬರುವ ಹಿಂಡುಗಳು ತಡವಾಗುತ್ತವೆ.

ಜಾಗ, ದಕ್ಷಿಣ ತುದಿಯ ಟ್ರಾನ್‌ಡಾನ್ಸೆನ್. ಹಿಂದೆ ಹೊಲದಲ್ಲಿ ಉಳಿದ ಆಲೂಗಡ್ಡೆಗೆ ಬರುತ್ತಿದ್ದ ಹಕ್ಕಿಗಳಿಗೆ ಈಗ ಬಾರ್ಲಿ ಚೆಲ್ಲುತ್ತಾರೆ, ಸುತ್ತಲಿನ ಬಿತ್ತನೆ ಉಳಿಯಲಿ ಎಂದು.

ಹೆಚ್ಚಿನವರು ಮಾಡುವ ತಪ್ಪು, ನಡು ಮಧ್ಯಾಹ್ನ ಬಂದು ಸಂಜೆಗೆ ಮುಂಚೆ ಹೊರಡುವುದು. ರಾತ್ರಿ ಅವು ನರಿಗೆ ಸಿಗದಂತೆ ಆಳವಿಲ್ಲದ ನೀರಲ್ಲಿ ನಿಂತೇ ನಿದ್ರಿಸುತ್ತವೆ. ನೋಡಬೇಕಾದದ್ದು ಬೆಳಿಗ್ಗೆ ನೀರಿನಿಂದ ಹೊಲಕ್ಕೆ, ಸಂಜೆ ಹೊಲದಿಂದ ನೀರಿಗೆ ಅವುಗಳ ಹೋಗಿಬರುವಿಕೆ. ಏಪ್ರಿಲ್ 10ರ ಸುಮಾರಿಗೆ ಸೂರ್ಯೋದಯ ಬೆಳಿಗ್ಗೆ 6:10, ಸೂರ್ಯಾಸ್ತ ರಾತ್ರಿ 8. ಎರಡಕ್ಕೂ ಅರ್ಧ ಗಂಟೆ ಮೊದಲೇ ಅಲ್ಲಿರಿ. ಕುಣಿತ ಹಗಲಲ್ಲೂ ಸಿಗುತ್ತದೆ: ಒಂದು ಹಕ್ಕಿ ತಲೆ ಬಾಗಿಸಿ, ಒಣಹುಲ್ಲೊಂದನ್ನು ಮೇಲಕ್ಕೆಸೆದು, ರೆಕ್ಕೆ ಬಿಚ್ಚಿ ನೆಗೆಯುತ್ತದೆ, ಪಕ್ಕದವಕ್ಕೂ ಅದು ಅಂಟುತ್ತದೆ.

8x42 (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ದುರ್ಬೀನು ಸಾಕು. ಟೆಲಿಸ್ಕೋಪಿದ್ದರೆ 30 ಪಟ್ಟು ಹಿಗ್ಗಿಸುವುದಕ್ಕಿಂತ ಮೇಲೆ ಹೋಗಬೇಡಿ. ಬಿಸಿಲೇರಿದ ಹೊಲದ ಗಾಳಿ ನಡುಗಿ ಚಿತ್ರ ಕಲಕುತ್ತದೆ. ಹಾರುವಾಗ ಕತ್ತು ನೇರ ಚಾಚಿದ್ದರೆ ಕ್ರೌಂಚ, ಮಡಚಿದ್ದರೆ ಬೂದು ಬಕ. ಬೇಲಿ ದಾಟಬೇಡಿ, ಒಬ್ಬರು ಇಳಿದರೂ ಇಡೀ ಹಿಂಡು ಏಳುತ್ತದೆ. ಕೈಗವಸು ಮರೆಯಬೇಡಿ, ಆ ಗಾಳಿಯಲ್ಲಿ ಫೋಕಸ್ ತಿರುಗಿಸುವ ಬೆರಳೇ ಮೊದಲು ಮರಗಟ್ಟುವುದು.