ಮಾರ್ಕ್ ನಾಫ್ಲರ್ ಅವರ ಸಂಗೀತ ಜೀವನ ಹೇಗೆ ಸಾಗಿತು?

1949ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಬೆಳೆದ ಮಾರ್ಕ್ ನಾಫ್ಲರ್, ಲೀಡ್ಸ್ ನಗರದಲ್ಲಿ ಪತ್ರಿಕಾ ವರದಿಗಾರರಾಗಿ, ಆಮೇಲೆ ಕಾಲೇಜು ಅಧ್ಯಾಪಕರಾಗಿ ದುಡಿದ ನಂತರವೇ, 1977ರಲ್ಲಿ ತಮ್ಮನಾದ ಡೇವಿಡ್ ಮೊದಲಾದವರೊಡನೆ ಲಂಡನ್ನಿನಲ್ಲಿ ಡೈರ್ ಸ್ಟ್ರೇಟ್ಸ್ ಎಂಬ ರಾಕ್ ಸಂಗೀತ ತಂಡವನ್ನು ಕಟ್ಟಿದರು.

ಹುಟ್ಟಿನಿಂದ ಎಡಚರಾದರೂ ಅವರು ಗಿಟಾರನ್ನು ಬಲಗೈಯವರಂತೆಯೇ ಹಿಡಿಯುತ್ತಾರೆ. ಪಿಕ್ (ತಂತಿ ಮೀಟಲು ಬಳಸುವ ಚಿಕ್ಕ ಬಿಲ್ಲೆ) ಬಳಸದೆ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳಿಂದ ತಂತಿ ಮೀಟುವ ಕಾರಣ, ಅವರು ನುಡಿಸುವ ಒಂದೊಂದು ಸ್ವರವೂ ಆಡಿದ ಮಾತಿನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡು ನನ್ನ ದೃಷ್ಟಿಯಲ್ಲಿ ಇದಕ್ಕೆ ಇಂದಿಗೂ ಅತ್ಯುತ್ತಮ ನಿದರ್ಶನ. ಸಿ.ಡಿ. ಆಗಷ್ಟೇ ಬಳಕೆಗೆ ಬರುತ್ತಿದ್ದ 1985ರಲ್ಲಿ ಹೊರಬಂದ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ ತಂಡಕ್ಕೆ ವಿಶ್ವಖ್ಯಾತಿ ತಂದಿತು.

ತಂಡ 1995ರಲ್ಲಿ ವಿಸರ್ಜನೆಗೊಂಡ ಮೇಲೆ ಅವರು ಜಾನಪದ ಮತ್ತು ಕಂಟ್ರಿ (ಅಮೆರಿಕದ ಗ್ರಾಮೀಣ ಮೂಲದ) ಸಂಗೀತದ ಕಡೆಗೆ ವಾಲಿ, 1996ರ ‘ಗೋಲ್ಡನ್ ಹಾರ್ಟ್’ನಿಂದ ಆರಂಭಿಸಿ ಸ್ವಂತ ಹೆಸರಿನಲ್ಲಿಯೇ ಆಲ್ಬಮ್‌ಗಳನ್ನು ಹೊರತರುತ್ತ ಬಂದಿದ್ದಾರೆ.